ಸಂಬಳದ ಕೆಲಸದಿಂದ ಸ್ವಂತ ಉದ್ಯಮಕ್ಕೆ: ರಾಜೀನಾಮೆ ಬರೆಯುವ ಮುನ್ನ ಆಗಬೇಕಾದ ಕೆಲಸಗಳು

“ಕೆಲಸ ಬಿಟ್ಟು ಸ್ವಂತದ್ದೇನಾದರೂ ಶುರು ಮಾಡಬೇಕೆಂದಿದ್ದೇನೆ, ಮೊದಲು ಏನು ಮಾಡಲಿ?” ಎಂಬ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ. ಕೇಳುವವರಲ್ಲಿ ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಉದ್ಯೋಗಿಗಳಿದ್ದಾರೆ, ಪೀಣ್ಯದ ಕಾರ್ಖಾನೆಗಳಲ್ಲಿ ಇಪ್ಪತ್ತು ವರ್ಷ ದುಡಿದ ಮೇಲ್ವಿಚಾರಕರಿದ್ದಾರೆ, ಖಾಸಗಿ ಶಾಲೆಯ ಕೆಲಸ ಸಾಕೆನಿಸಿರುವ ಶಿಕ್ಷಕಿಯರಿದ್ದಾರೆ. ನಾನು ಕಂಪನಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ 13 ವರ್ಷ ದುಡಿದು, ಈಗ ಕಾಮಾಕ್ಷಿಪಾಳ್ಯದ ಬಳಿ ಪ್ಯಾಕಿಂಗ್ ಸಾಮಗ್ರಿಯ ಸಣ್ಣ ಘಟಕವೊಂದನ್ನು ನಡೆಸುತ್ತಿದ್ದೇನೆ. ಒಬ್ಬೊಬ್ಬರಿಗೂ ತುಂಡು ತುಂಡಾಗಿ ಉತ್ತರಿಸುವುದಕ್ಕಿಂತ ಎಲ್ಲವನ್ನೂ ಕ್ರಮವಾಗಿ ಬರೆದಿಟ್ಟರೆ ಹೆಚ್ಚು ಜನರಿಗೆ ಉಪಯೋಗವಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ಮೇಲಿನ ಪ್ರಶ್ನೆಗೆ ನನ್ನ ನೇರ ಉತ್ತರ ಇದು: ಮೊದಲು ಕೆಲಸ ಬಿಡಬೇಡಿ. ನಿಮ್ಮ ಉದ್ಯಮಕ್ಕೆ ಬಡ್ಡಿಯಿಲ್ಲದೆ, ಪಾಲು ಕೇಳದೆ ಹಣ ಹಾಕಬಲ್ಲ ಏಕೈಕ ಹೂಡಿಕೆದಾರನೆಂದರೆ ನಿಮ್ಮ ಈಗಿನ ಸಂಬಳ. ಆ ಹೂಡಿಕೆದಾರನನ್ನು ಮೊದಲ ದಿನವೇ ಕಳೆದುಕೊಂಡವರು ಉಳಿದ ಎಲ್ಲ ನಿರ್ಧಾರಗಳನ್ನೂ ಅವಸರದಲ್ಲಿ ತೆಗೆದುಕೊಳ್ಳಬೇಕಾಗುತ್ತದೆ. ಕೆಳಗಿನ ಹಂತಗಳಲ್ಲಿ ರಾಜೀನಾಮೆ ಎಂಟನೆಯದು.

ನಮ್ಮ ಕಣ್ಣ ಮುಂದಿರುವ ದೊಡ್ಡ ಹೆಸರುಗಳು ಇದಕ್ಕೆ ವಿರುದ್ಧವಾದುದನ್ನು ಹೇಳುವಂತೆ ತೋರಬಹುದು. ಕಿರಣ್ ಮಜುಂದಾರ್ ಶಾ 1978ರಲ್ಲಿ 10,000 ರೂಪಾಯಿ ಬಂಡವಾಳದಲ್ಲಿ ಬೆಂಗಳೂರಿನ ಬಾಡಿಗೆ ಮನೆಯೊಂದರ ಗ್ಯಾರೇಜಿನಲ್ಲಿ ಜೈವಿಕ ತಂತ್ರಜ್ಞಾನದ ಕಂಪನಿ ಬಯೋಕಾನ್ ಆರಂಭಿಸಿದರು; ಸೇನೆ ತೊರೆದ ಕ್ಯಾಪ್ಟನ್ ಗೋಪಿನಾಥ್ 2003ರಲ್ಲಿ ಏರ್ ಡೆಕ್ಕನ್ ಹಾರಿಸಿದರು. ಆದರೆ ಗೋಪಿನಾಥ್ ಅವರು ಸೇನೆಗೂ ವಿಮಾನಗಳಿಗೂ ನಡುವೆ ಹಾಸನ ಜಿಲ್ಲೆಯಲ್ಲಿ ವರ್ಷಗಟ್ಟಲೆ ಕೃಷಿ, ರೇಷ್ಮೆ ಮಾಡಿದ್ದರು, ಆಮೇಲೆ ಹೆಲಿಕಾಪ್ಟರ್ ಸೇವೆ ನಡೆಸಿದ್ದರು. ಬಯೋಕಾನ್ ಹುಟ್ಟುವ ಮೊದಲೇ ಕಿರಣ್ ಹುದುಗು ವಿದ್ಯೆಯಲ್ಲಿ ತರಬೇತಿ ಪಡೆದಿದ್ದರು. 2005ರಲ್ಲಿ ಬೆಂಗಳೂರಿನ ಪುಟ್ಟ ಅಡುಗೆಮನೆಯಲ್ಲಿ ಇಡ್ಲಿ ದೋಸೆ ಹಿಟ್ಟು ರುಬ್ಬಿ ಸುಮಾರು 20 ಅಂಗಡಿಗಳಿಗೆ ಕೊಡುವುದರಿಂದ ಐಡಿ ಫ್ರೆಶ್ ಶುರುವಾಯಿತು. ಯಾವ ಕಥೆಯಲ್ಲೂ ಜಿಗಿತಕ್ಕೆ ಮುಂಚಿನ ಸಣ್ಣ ಓಟವನ್ನು ಯಾರೂ ದೊಡ್ಡದಾಗಿ ಹೇಳುವುದಿಲ್ಲ. ಈ ಬರಹವಿರುವುದು ಆ ಓಟದ ಬಗ್ಗೆ.

ಶುರು ಮಾಡುವ ಮುನ್ನ ಕೆಲವನ್ನು ಒಂದೆಡೆ ಇಟ್ಟುಕೊಳ್ಳಿ: ಪ್ಯಾನ್, ಮೊಬೈಲ್ ಸಂಖ್ಯೆ ಜೋಡಿಸಿರುವ ಆಧಾರ್, ನಿಮ್ಮ ನೇಮಕಾತಿ ಪತ್ರ, ಕಳೆದ 6 ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಮತ್ತು ನಿಮ್ಮ ಕ್ರೆಡಿಟ್ ವರದಿ. ಕ್ರೆಡಿಟ್ ವರದಿಯೆಂದರೆ ನೀವು ಈವರೆಗಿನ ಸಾಲಗಳನ್ನು ಹೇಗೆ ತೀರಿಸಿದ್ದೀರಿ ಎಂಬುದರ ದಾಖಲೆ. ಅದರಲ್ಲಿ 300ರಿಂದ 900ರವರೆಗಿನ ಒಂದು ಅಂಕವಿರುತ್ತದೆ. ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಪಡೆಯಬಹುದು. ಅದರಲ್ಲಿ ತಪ್ಪುಗಳಿದ್ದರೆ ಈಗಲೇ ಸರಿಪಡಿಸಿಕೊಳ್ಳಿ, ಏಕೆಂದರೆ ಬ್ಯಾಂಕಿನವರು ನಿಮ್ಮ ಉದ್ಯಮದ ಕನಸಿಗಿಂತ ಮೊದಲು ನೋಡುವುದು ಇದನ್ನೇ.

1. ಮನೆಯ ಖರ್ಚನ್ನು ಬರೆದು ನೋಡಿ

ಆರು ತಿಂಗಳ ಸ್ಟೇಟ್‌ಮೆಂಟ್ ಹಿಡಿದು ಮನೆಯ ಸರಾಸರಿ ಖರ್ಚನ್ನು ತೆಗೆಯಿರಿ. ಬಾಡಿಗೆ, ಸಾಲದ ಕಂತು, ದಿನಸಿ, ಮಕ್ಕಳ ಶುಲ್ಕ, ತಂದೆತಾಯಿಯ ಔಷಧಿ ಇವು ಪ್ರತಿ ತಿಂಗಳೂ ಕಾಣುವುವು. ಶಾಲೆಯ ವಾರ್ಷಿಕ ಶುಲ್ಕ, ವಿಮೆಯ ಕಂತು, ಗೌರಿ ಗಣೇಶ ಹಬ್ಬ, ಊರಿನ ಜಾತ್ರೆ, ನೆಂಟರ ಮದುವೆ ಇವು ವರ್ಷಕ್ಕೊಮ್ಮೆ ಬಂದು ಲೆಕ್ಕ ತಪ್ಪಿಸುವುವು. ಅವುಗಳನ್ನೂ 12ರಿಂದ ಭಾಗಿಸಿ ತಿಂಗಳ ಖರ್ಚಿಗೆ ಸೇರಿಸಿ.

ಬಂದ ಮೊತ್ತದ 12 ಪಟ್ಟು ಹಣ ಪ್ರತ್ಯೇಕ ಖಾತೆಯಲ್ಲಿರಬೇಕು. ಮನೆಯಲ್ಲಿ ಇನ್ನೊಬ್ಬರ ಸಂಬಳವಿದ್ದರೆ 6 ಪಟ್ಟು ಸಾಕಾಗಬಹುದು. ಈ ಹಣ ಉದ್ಯಮದ ಬಂಡವಾಳವಲ್ಲ ಎಂಬುದನ್ನು ಮನೆಯವರೆಲ್ಲರ ಮುಂದೆ ಹೇಳಿ, ಬರೆದಿಡಿ. ಯಂತ್ರ ಅಗ್ಗವಾಗಿ ಸಿಗುತ್ತಿದೆ, ಈ ತಿಂಗಳು ಮಾತ್ರ ತೆಗೆದುಕೊಳ್ಳೋಣ ಎಂಬ ಯೋಚನೆ ಬರುವ ದಿನ ಖಂಡಿತ ಬರುತ್ತದೆ. ಆ ದಿನ ನಿಮ್ಮನ್ನು ತಡೆಯುವ ಅಧಿಕಾರವನ್ನು ಗಂಡನಿಗೋ ಹೆಂಡತಿಗೋ ಈಗಲೇ ಕೊಟ್ಟಿರಿ.

ವೈಯಕ್ತಿಕ ಸಾಲ ಮತ್ತು ಕ್ರೆಡಿಟ್ ಕಾರ್ಡ್ ಬಾಕಿ ಇದ್ದರೆ ಮೊದಲು ಅವನ್ನು ತೀರಿಸಿ. ಅಂಥ ಬಡ್ಡಿಯನ್ನು ಗೆದ್ದು ಲಾಭ ತೋರಿಸುವ ಸಣ್ಣ ಉದ್ಯಮ ಮೊದಲ ವರ್ಷದಲ್ಲಿ ಸಿಗುವುದು ತೀರಾ ಅಪರೂಪ.

2. ನೇಮಕಾತಿ ಪತ್ರವನ್ನು ಪೂರ್ತಿ ಓದಿ

ಕೆಲಸದಲ್ಲಿರುವಾಗಲೇ ಬೇರೆ ವ್ಯವಹಾರ ಮಾಡಬಾರದೆಂಬ ಷರತ್ತು ಬಹುತೇಕ ನೇಮಕಾತಿ ಪತ್ರಗಳಲ್ಲಿರುತ್ತದೆ. ಹೀಗಿದ್ದರೆ ಲಿಖಿತ ಅನುಮತಿ ಕೇಳಬೇಕು, ಇಲ್ಲವೇ ಮಾರಾಟಕ್ಕಿಳಿಯದೆ ಕಲಿಕೆ ಮತ್ತು ಸಿದ್ಧತೆಯ ಹಂತದಲ್ಲೇ ಇರಬೇಕು. ಸರ್ಕಾರಿ ನೌಕರರಿಗೆ ಕರ್ನಾಟಕ ನಾಗರಿಕ ಸೇವಾ ನಡತೆ ನಿಯಮಗಳು ಅನ್ವಯಿಸುತ್ತವೆ. ಅನುಮತಿಯಿಲ್ಲದ ವ್ಯಾಪಾರ ಅಲ್ಲಿ ಶಿಸ್ತುಕ್ರಮಕ್ಕೆ ದಾರಿ. ಹೆಂಡತಿಯ ಹೆಸರಿನಲ್ಲಿ ಮಾಡಿಬಿಡುತ್ತೇನೆ ಎನ್ನುವವರು ಬಹಳ. ಆಕೆ ನಿಜವಾಗಿಯೂ ಉದ್ಯಮ ನಡೆಸುವುದಾದರೆ ಸರಿ, ಹೆಸರು ಮಾತ್ರ ಆಕೆಯದಾದರೆ ಸಾಲ, ತೆರಿಗೆ, ದಂಡ ಎಲ್ಲವೂ ಆಕೆಯ ತಲೆಯ ಮೇಲೆ ಬೀಳುತ್ತವೆ.

“ಕೆಲಸ ಬಿಟ್ಟ ಮೇಲೆ ಎರಡು ವರ್ಷ ಇದೇ ಕ್ಷೇತ್ರದಲ್ಲಿ ವ್ಯವಹಾರ ಮಾಡಕೂಡದು” ಎಂಬ ಷರತ್ತಿನ ಬಗ್ಗೆಯೂ ಹಲವರು ಹೆದರಿ ಕೇಳುತ್ತಾರೆ. 1872ರ ಭಾರತೀಯ ಕರಾರು ಕಾಯಿದೆಯ 27ನೇ ಸೆಕ್ಷನ್ ಪ್ರಕಾರ, ಒಬ್ಬರು ತಮ್ಮ ನ್ಯಾಯಬದ್ಧ ವೃತ್ತಿ ನಡೆಸದಂತೆ ತಡೆಯುವ ಕರಾರು ಸಾಮಾನ್ಯವಾಗಿ ಅಸಿಂಧು, ಅಂದರೆ ಕಾನೂನಿನ ಬಲವಿಲ್ಲದ್ದು. ಆದರೆ ಕಂಪನಿಯ ಗ್ರಾಹಕರ ಪಟ್ಟಿ, ವಿನ್ಯಾಸ, ಸಾಫ್ಟ್‌ವೇರ್ ಸಂಕೇತಗಳನ್ನು ಹೊತ್ತೊಯ್ಯಲು ಈ ಸೆಕ್ಷನ್ ರಕ್ಷಣೆ ಕೊಡುವುದಿಲ್ಲ. ಕಂಪನಿಯ ಲ್ಯಾಪ್‌ಟಾಪಿನಲ್ಲಿ ನಿಮ್ಮ ಉದ್ಯಮದ ಒಂದು ಸಾಲನ್ನೂ ಟೈಪ್ ಮಾಡಬೇಡಿ.

3. ಪರಿಚಯವಿಲ್ಲದವರು ಎರಡನೇ ಸಲ ಕೊಳ್ಳುವವರೆಗೆ ಮಾರಿ ನೋಡಿ

ಯಾವ ಉದ್ಯಮ ಆರಿಸಬೇಕೆಂಬುದಕ್ಕೆ ನಾನು ಪಟ್ಟಿ ಕೊಡುವುದಿಲ್ಲ. ನೀವು ಈಗ ಮಾಡುತ್ತಿರುವ ಕೆಲಸಕ್ಕೆ ಹತ್ತಿರದಲ್ಲಿರುವುದನ್ನು ಮೊದಲು ನೋಡಿ ಎಂದಷ್ಟೇ ಹೇಳುತ್ತೇನೆ. ಕಂಪ್ಯೂಟರ್ ನಿಯಂತ್ರಿತ ಸಿಎನ್‌ಸಿ ಯಂತ್ರದ ಮುಂದೆ ಹದಿನೈದು ವರ್ಷ ನಿಂತವರು ಹೋಟೆಲ್ ತೆರೆದರೆ ಆ ಹದಿನೈದು ವರ್ಷ ಲೆಕ್ಕಕ್ಕೆ ಬರುವುದಿಲ್ಲ. ಬೇರೆ ಕಂಪನಿಗಳಿಗೆ ಬಿಡಿಭಾಗ ಮಾಡಿಕೊಡುವ ಜಾಬ್‌ವರ್ಕ್ ಹಿಡಿದರೆ ಬರುತ್ತದೆ. ಪೂರ್ತಿ ಹೊಸ ಕ್ಷೇತ್ರಕ್ಕೇ ಹೋಗುವುದಾದರೆ, ಕಲಿಯಲು ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳಿ. 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆಗೆ ನೆಲಮಂಗಲದ ಬಳಿ ಅರಿಶಿನಕುಂಟೆಯಲ್ಲಿ ಕೇಂದ್ರವಿದೆ, ಅಲ್ಲಿ ಊಟ ವಸತಿಯೊಂದಿಗೆ ಉಚಿತ ತರಬೇತಿ ಸಿಗುತ್ತದೆ. ಮಹಿಳೆಯರಿಗಾಗಿ 1983ರಿಂದ ಬೆಂಗಳೂರಿನಲ್ಲಿ ಅವೇಕ್ ಸಂಸ್ಥೆಯಿದೆ. ಸಣ್ಣ ಕೈಗಾರಿಕೆಗಳವರಿಗೆ ವಿಜಯನಗರದಲ್ಲಿ ಅವರದೇ ಸಂಘವಾದ ಕಾಸಿಯಾ, ತಂತ್ರಜ್ಞಾನದ ಹೊಸ ಉದ್ಯಮಗಳವರಿಗೆ ಬನ್ನೇರುಘಟ್ಟ ರಸ್ತೆಯ ಐಐಎಂ ಆವರಣದಲ್ಲಿರುವ ಎನ್‌ಎಸ್‌ಆರ್‌ಸಿಇಎಲ್ ಎಂಬ ಉದ್ಯಮ ಪೋಷಣಾ ಕೇಂದ್ರ ಇವೆ.

ಆರಿಸಿಕೊಂಡ ಮೇಲೆ, ಶನಿವಾರ ಭಾನುವಾರಗಳಲ್ಲಿ ಚಿಕ್ಕ ಪ್ರಮಾಣದಲ್ಲಿ ಮಾರಿ ನೋಡಿ. ಇಲ್ಲಿ ಎಲ್ಲರೂ ಎಡವುವುದು ಒಂದೇ ಕಡೆ: ನೆಂಟರು, ಸಹೋದ್ಯೋಗಿಗಳು ಕೊಂಡದ್ದನ್ನೇ ಬೇಡಿಕೆ ಎಂದು ಎಣಿಸುವುದು. ಅವರು ಕೊಳ್ಳುವುದು ನಿಮ್ಮ ಮೇಲಿನ ಪ್ರೀತಿಗೆ. ನಿಮ್ಮ ಹೆಸರೂ ಗೊತ್ತಿಲ್ಲದ ಕನಿಷ್ಠ 30 ಮಂದಿ ಪೂರ್ತಿ ಬೆಲೆ ಕೊಟ್ಟು ಕೊಳ್ಳಬೇಕು, ಅವರಲ್ಲಿ ಮೂರನೇ ಒಂದು ಭಾಗವಾದರೂ ನೀವು ನೆನಪಿಸದೆ ಮತ್ತೆ ಬರಬೇಕು. ಈ ಸಂಖ್ಯೆಗಳು ನನ್ನ ಸ್ವಂತ ಅಳತೆಗೋಲು. ಯಾವ ಪಠ್ಯದಲ್ಲೂ ಇಲ್ಲ, ಆದರೆ ನನಗೆ ಈವರೆಗೆ ಕೈಕೊಟ್ಟಿಲ್ಲ. ಸೇವೆ ಕೊಡುವವರಾದರೆ ಮೂರು ಗ್ರಾಹಕರು ಎರಡನೇ ಬಿಲ್ ಪಾವತಿಸುವವರೆಗೆ ಕಾಯಿರಿ.

ಎಚ್ಚರಿಕೆ: ಈ ಹಂತದಲ್ಲೂ ಕಾನೂನು ಇದ್ದೇ ಇರುತ್ತದೆ. ತಿನ್ನುವ ಪದಾರ್ಥವನ್ನು ಮನೆಯಲ್ಲಿ ಮಾಡಿ ಮಾರುವವರಿಗೂ ಎಫ್‌ಎಸ್‌ಎಸ್‌ಎಐ, ಅಂದರೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಬೇಕು.

4. ಒಂದೇ ಒಂದು ಪೊಟ್ಟಣದ ಲೆಕ್ಕ ಮಾಡಿ

ಇದನ್ನು ನಿಧಾನವಾಗಿ ಓದಿ, ಕಾಗದ ಪೆನ್ನು ತೆಗೆದುಕೊಂಡೇ ಓದಿ. ಒಂದು ಕಲ್ಪಿತ ಉದಾಹರಣೆ ತೆಗೆದುಕೊಳ್ಳೋಣ. ನೀವು 200 ಗ್ರಾಂ ಚಟ್ನಿಪುಡಿ ಪೊಟ್ಟಣವನ್ನು 120 ರೂಪಾಯಿ ಎಂಆರ್‌ಪಿಗೆ ಮಾರುತ್ತೀರಿ ಎಂದಿಟ್ಟುಕೊಳ್ಳಿ. ಅಂಗಡಿಯವರು ತಮ್ಮ ಮಾರ್ಜಿನ್, ಅಂದರೆ ಮಾರಾಟದಲ್ಲಿ ತಮ್ಮ ಪಾಲು, ಶೇ. 25 ಎಂದರೆ 30 ರೂಪಾಯಿ ಇಟ್ಟುಕೊಳ್ಳುತ್ತಾರೆ. ನಿಮ್ಮ ಕೈಗೆ ಬರುವುದು 90. ಅದರಲ್ಲಿ ಕಡಲೆಬೇಳೆ, ಮೆಣಸಿನಕಾಯಿ, ಕೊಬ್ಬರಿ, ಎಣ್ಣೆಗೆ 40, ಪೊಟ್ಟಣ ಮತ್ತು ಲೇಬಲ್‌ಗೆ 8, ಸಾಗಣೆಗೆ 7, ಅವಧಿ ಮುಗಿದು ಹಿಂದಿರುಗುವ ಸರಕಿಗೆಂದು 5. ಉಳಿಯುವುದು 30 ರೂಪಾಯಿ. ಇದಕ್ಕೆ ಕೊಡುಗೆ ಎನ್ನುತ್ತಾರೆ. ಬಾಡಿಗೆ, ಕೂಲಿಯಂಥ ಸ್ಥಿರ ಖರ್ಚುಗಳನ್ನು ತೀರಿಸಲು ಪ್ರತಿ ಪೊಟ್ಟಣ ಕೊಡುವ ಪಾಲು ಎಂದರ್ಥ.

ಈಗ ತಿಂಗಳ ಸ್ಥಿರ ಖರ್ಚು: ಜಾಗದ ಬಾಡಿಗೆ 15,000, ಇಬ್ಬರು ಕೆಲಸಗಾರರಿಗೆ 34,000, ವಿದ್ಯುತ್ತು ನೀರು 4,000, ಫೋನು ದುರಸ್ತಿ ಇತ್ಯಾದಿ 5,000. ಒಟ್ಟು 58,000. ಇದನ್ನು 30ರಿಂದ ಭಾಗಿಸಿದರೆ ತಿಂಗಳಿಗೆ ಸುಮಾರು 1,934 ಪೊಟ್ಟಣ. ಹೆಚ್ಚಿನವರು ಇಲ್ಲಿಗೆ ನಿಲ್ಲಿಸಿ, ಇಷ್ಟೇ ತಾನೆ ಎಂದು ಸಂತೋಷಪಡುತ್ತಾರೆ. ಆದರೆ ನಿಮ್ಮ ಮನೆ ನಡೆಯಬೇಕಾದ 50,000 ಇದರಲ್ಲಿ ಇಲ್ಲವೇ ಇಲ್ಲ. ಅದನ್ನು ಸೇರಿಸಿದರೆ 1,08,000. ಅಂದರೆ 3,600 ಪೊಟ್ಟಣ, ತಿಂಗಳಿಗೆ 26 ಕೆಲಸದ ದಿನಗಳಂತೆ ದಿನಕ್ಕೆ ಸುಮಾರು 138. ಇದೇ ನಿಮ್ಮ ನಿಜವಾದ ಬ್ರೇಕ್‌ಈವನ್, ಅಂದರೆ ಆದಾಯ ಮತ್ತು ಖರ್ಚು ಸರಿದೂಗುವ ಬಿಂದು. ದಿನಕ್ಕೆ 138 ಪೊಟ್ಟಣ ಹೋಗಬೇಕಾದರೆ ಎಷ್ಟು ಅಂಗಡಿ ಬೇಕು, ಅಷ್ಟು ಅಂಗಡಿ ಸುತ್ತಲು ಎಷ್ಟು ಹೊತ್ತು ಬೇಕು, ಆಗ ಪುಡಿ ಮಾಡುವವರು ಯಾರು? ಉತ್ತರ ಸಿಗದಿದ್ದರೆ ಬೆಲೆ, ಸರಕು ಅಥವಾ ಮಾರುವ ದಾರಿ ಬದಲಾಗಬೇಕು. ಅಂಗಡಿಗೆ ಕೊಡುವ 30 ರೂಪಾಯಿಯನ್ನು ಉಳಿಸಿಕೊಂಡು ಅಪಾರ್ಟ್‌ಮೆಂಟುಗಳಿಗೆ ನೇರವಾಗಿ ಮಾರಿದರೆ ಲೆಕ್ಕ ಹೇಗಾಗುತ್ತದೆಂದು ಅದೇ ಕಾಗದದ ಹಿಂಬದಿಯಲ್ಲಿ ಮಾಡಿ ನೋಡಿ.

ಸ್ವಂತ ದುಡಿಮೆಗೆ ಸಂಬಳ ಬರೆಯದೆ ಬೆಲೆ ಕಟ್ಟುವುದು ನಾನು ಕಂಡ ಅತ್ಯಂತ ದುಬಾರಿ ತಪ್ಪು. ಅಂಥ ಉದ್ಯಮ ಬೆಳೆದಷ್ಟೂ ಮಾಲೀಕರು ಬಡವಾಗುತ್ತಾರೆ, ಏಕೆಂದರೆ ತಾವು ಬಿಟ್ಟ ಜಾಗಕ್ಕೆ ಸಂಬಳ ಕೊಟ್ಟು ಒಬ್ಬರನ್ನು ಇಡುವ ಶಕ್ತಿ ಆ ಬೆಲೆಯಲ್ಲಿ ಇರುವುದೇ ಇಲ್ಲ.

5. ಉದ್ಯಮದ ರೂಪವನ್ನು ನಿರ್ಧರಿಸಿ

ಒಬ್ಬರೇ ನಡೆಸುವುದಾದರೆ ಏಕಮಾಲೀಕತ್ವ ಸಾಕು. ಇಲ್ಲಿ ನೀವೂ ಉದ್ಯಮವೂ ಕಾನೂನಿನ ಕಣ್ಣಿಗೆ ಒಂದೇ; ಖರ್ಚು ಕಡಿಮೆ, ಆದರೆ ಉದ್ಯಮದ ಸಾಲಕ್ಕೆ ನಿಮ್ಮ ಸ್ವಂತ ಆಸ್ತಿಯೂ ಹೊಣೆ. ಪಾಲುದಾರರಿದ್ದರೆ 1932ರ ಪಾಲುದಾರಿಕೆ ಕಾಯಿದೆಯಂತೆ ಸಂಸ್ಥೆ, ಅಥವಾ ಪಾಲುದಾರರ ಹೊಣೆಗೆ ಮಿತಿಯಿರುವ ಎಲ್‌ಎಲ್‌ಪಿ. ಹೊರಗಿನ ಹೂಡಿಕೆದಾರರಿಂದ ಹಣ ತರುವ ಉದ್ದೇಶವಿದ್ದರೆ ಮಾತ್ರ ಪ್ರೈವೇಟ್ ಲಿಮಿಟೆಡ್ ಕಂಪನಿ. ಅದಕ್ಕೆ ಕನಿಷ್ಠ ಇಬ್ಬರು ನಿರ್ದೇಶಕರು ಬೇಕು ಮತ್ತು ವಹಿವಾಟು ಸೊನ್ನೆಯಿದ್ದರೂ ಪ್ರತಿವರ್ಷ ಲೆಕ್ಕಪರಿಶೋಧನೆ ಕಡ್ಡಾಯ. ವಿಸಿಟಿಂಗ್ ಕಾರ್ಡಿನಲ್ಲಿ ನಿರ್ದೇಶಕ ಎಂದು ಕಾಣಲೆಂದು ಕಂಪನಿ ಮಾಡಿಕೊಂಡವರು, ಎರಡು ವರ್ಷದ ನಂತರ ಅದನ್ನು ಮುಚ್ಚಲು ಹಣ ಕಟ್ಟುವುದನ್ನು ನೋಡಿದ್ದೇನೆ.

ಸ್ನೇಹಿತರೊಡನೆ ಸೇರಿ ಮಾಡುವವರು ಪಾಲುದಾರಿಕೆ ಪತ್ರವನ್ನು ಮೊದಲ ರೂಪಾಯಿ ಹಾಕುವ ಮುನ್ನ ಬರೆಯಬೇಕು. ಯಾರು ಎಷ್ಟು ಹಾಕುತ್ತಾರೆ, ಯಾರಿಗೆ ತಿಂಗಳ ಸಂಭಾವನೆ, ಒಬ್ಬರು ಹೊರಹೋದರೆ ಅವರ ಪಾಲಿನ ಬೆಲೆ ಕಟ್ಟುವುದು ಹೇಗೆ ಎಂಬ ಮೂರು ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿರಲಿ. ನಂಬಿಕೆ ಇರುವಾಗ ಬರೆಯುವುದು ಸುಲಭ, ಅದು ಹೋದ ಮೇಲೆ ಯಾರೂ ಬರೆಯಲಾರರು.

6. ನೋಂದಣಿ ಮತ್ತು ಪರವಾನಗಿ

ಸಣ್ಣ ಉದ್ಯಮವೆಂದು ಸರ್ಕಾರ ನಿಮ್ಮನ್ನು ಗುರುತಿಸುವ ಉದ್ಯಮ್ ನೋಂದಣಿಯಿಂದ ಶುರು ಮಾಡಿ. ಕೇಂದ್ರ ಸರ್ಕಾರದ ಪೋರ್ಟಲ್‌ನಲ್ಲಿ ಆಧಾರ್ ಮತ್ತು ಪ್ಯಾನ್ ಬಳಸಿ ನೀವೇ ಮಾಡಿಕೊಳ್ಳಬಹುದು ಮತ್ತು ಇದು ಸಂಪೂರ್ಣ ಉಚಿತ. ಅದೇ ಹೆಸರನ್ನು ಹೋಲುವ ಖಾಸಗಿ ಜಾಲತಾಣಗಳು ಸಾವಿರಾರು ರೂಪಾಯಿ ಶುಲ್ಕ ಕೇಳುತ್ತವೆ. ವಿಳಾಸದ ಕೊನೆಯಲ್ಲಿ gov.in ಎಂಬ ಸರ್ಕಾರಿ ಗುರುತಿಲ್ಲದಿದ್ದರೆ ಹೊರಬನ್ನಿ. 2025ರ ಏಪ್ರಿಲ್ 1ರಿಂದ, ಯಂತ್ರೋಪಕರಣಗಳಲ್ಲಿ 2.5 ಕೋಟಿವರೆಗೆ ಹೂಡಿಕೆ ಮತ್ತು 10 ಕೋಟಿವರೆಗೆ ವಾರ್ಷಿಕ ವಹಿವಾಟು ಇರುವವರೆಲ್ಲ ಅತಿಸಣ್ಣ ಉದ್ಯಮಗಳೇ. ನೀವು ಖಂಡಿತ ಅದರೊಳಗೆ ಬರುತ್ತೀರಿ, ಆದ್ದರಿಂದ ಉತ್ಪಾದಕರೋ ಸೇವಾದಾರರೋ ಆಗಿದ್ದರೆ ಮುಂದೆ ಹೇಳಲಿರುವ ಪಾವತಿ ರಕ್ಷಣೆ ನಿಮಗೂ ಉಂಟು.

ಜಿಎಸ್‌ಟಿ ವಿಷಯದಲ್ಲಿ ಗೊಂದಲ ಹೆಚ್ಚು. ಕರ್ನಾಟಕದಲ್ಲಿ ಸರಕು ಮಾತ್ರ ಮಾರುವವರಿಗೆ ವಾರ್ಷಿಕ 40 ಲಕ್ಷ, ಸೇವೆ ಕೊಡುವವರಿಗೆ 20 ಲಕ್ಷ ವಹಿವಾಟು ದಾಟಿದಾಗ ನೋಂದಣಿ ಕಡ್ಡಾಯ. ವಹಿವಾಟು ಎಂದರೆ ಲಾಭವಲ್ಲ, ಒಟ್ಟು ಮಾರಾಟ. ಸರಕನ್ನು ಹೊರರಾಜ್ಯಕ್ಕೆ ಮಾರುವುದಾದರೆ ಸಾಮಾನ್ಯವಾಗಿ ಮೊದಲ ಮಾರಾಟದಿಂದಲೇ ನೋಂದಣಿ ಬೇಕು. ಹೊಸೂರಿನ ಅಂಗಡಿ ಆನೇಕಲ್ಲಿಗೆ ಎಷ್ಟೇ ಹತ್ತಿರವಿದ್ದರೂ ಅದು ಹೊರರಾಜ್ಯವೇ. 2025ರ ಜುಲೈನಲ್ಲಿ ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಜಮೆಗಳ ಆಧಾರದ ಮೇಲೆ ಬೇಕರಿ, ಕಾಂಡಿಮೆಂಟ್ಸ್‌ನಂಥ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ, ನಗರದ ಎಷ್ಟೋ ಅಂಗಡಿಗಳು ಕ್ಯೂಆರ್ ಸಂಕೇತವನ್ನೇ ತೆಗೆದು ನಗದು ಮಾತ್ರ ಎಂದು ಬರೆದು ಹಾಕಿದ್ದವು. ಹಣ ಬರುವ ದಾರಿಯನ್ನು ಮರೆಮಾಡಿದರೆ ಹೊಣೆ ಕರಗುವುದಿಲ್ಲ, ಏಕೆಂದರೆ ಮಿತಿ ಲೆಕ್ಕಕ್ಕೆ ಬರುವುದು ಒಟ್ಟು ಮಾರಾಟದ ಮೇಲೆ. ಅದು ನಗದಾಗಿ ಬಂತೋ ಫೋನಿನಲ್ಲಿ ಬಂತೋ ಮುಖ್ಯವಲ್ಲ. ನಮ್ಮ ಚಟ್ನಿಪುಡಿಯ ಉದಾಹರಣೆಯನ್ನೇ ನೋಡಿ: ತಿಂಗಳಿಗೆ 3,600 ಪೊಟ್ಟಣ, ಒಂದಕ್ಕೆ 90 ರೂಪಾಯಿಯಂತೆ ವರ್ಷಕ್ಕೆ 38.88 ಲಕ್ಷ. ಮನೆ ನಡೆಸುವ ಮಟ್ಟಕ್ಕೆ ಬರುವ ಹೊತ್ತಿಗೇ ನೀವು ಮಿತಿಯ ಅಂಚಿನಲ್ಲಿರುತ್ತೀರಿ. ಆದ್ದರಿಂದ ಜಿಎಸ್‌ಟಿಯನ್ನು ಸೇರಿಸಿಯೇ ಆರಂಭದ ಬೆಲೆ ಕಟ್ಟಿ. 1.5 ಕೋಟಿವರೆಗಿನ ಸರಕು ವ್ಯಾಪಾರಿಗಳಿಗೆ, ವಹಿವಾಟಿನ ಶೇ. 1ರಷ್ಟನ್ನು ಕಟ್ಟಿ ಮುಗಿಸುವ ಕಾಂಪೊಸಿಷನ್ ಎಂಬ ಸರಳ ಪದ್ಧತಿಯಿದೆ. ಆದರೆ ಅದರಲ್ಲಿ ಹೊರರಾಜ್ಯಕ್ಕೆ ಮಾರುವಂತಿಲ್ಲ, ಗ್ರಾಹಕರಿಂದ ತೆರಿಗೆಯನ್ನು ಬೇರೆಯಾಗಿ ವಸೂಲು ಮಾಡುವಂತಿಲ್ಲ.

ಸ್ಥಳೀಯ ಪರವಾನಗಿಗಳು ಇನ್ನು. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ನಗರ ಪಾಲಿಕೆಗಳಿವೆ. ನಿಮ್ಮ ಜಾಗ ಯಾವ ಪಾಲಿಕೆಗೆ ಸೇರಿದೆ ನೋಡಿಕೊಂಡು ಅಲ್ಲಿಂದ ಉದ್ದಿಮೆ ಪರವಾನಗಿ (ಟ್ರೇಡ್ ಲೈಸೆನ್ಸ್) ಪಡೆಯಿರಿ ಮತ್ತು ಪ್ರತಿವರ್ಷ ನವೀಕರಿಸಿ. ಅಂಗಡಿ, ಕಚೇರಿ ತೆರೆದ 30 ದಿನಗಳೊಳಗೆ 1961ರ ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯಿದೆಯಡಿ ಕಾರ್ಮಿಕ ಇಲಾಖೆಯಲ್ಲಿ ನೋಂದಾಯಿಸಬೇಕು. ನಾಮಫಲಕದ ಕನಿಷ್ಠ ಶೇ. 60 ಭಾಗ ಕನ್ನಡದಲ್ಲಿರಬೇಕೆಂಬುದು 2024ರ ತಿದ್ದುಪಡಿಯ ನಿಯಮ. ಬೋರ್ಡ್ ಬರೆಸಿದ ಮೇಲೆ ತಿದ್ದಿಸುವುದಕ್ಕಿಂತ ಮೊದಲೇ ಕನ್ನಡವನ್ನು ದೊಡ್ಡದಾಗಿ, ಕಾಗುಣಿತ ತಪ್ಪಿಲ್ಲದೆ ಬರೆಸಿ. ವೃತ್ತಿ ತೆರಿಗೆ ಈವರೆಗೆ ಸಂಬಳದಲ್ಲೇ ಕಡಿತವಾಗುತ್ತಿತ್ತು, ಇನ್ನು ನೀವೇ ನೋಂದಾಯಿಸಿಕೊಂಡು ಕಟ್ಟಬೇಕು. ಪೊಟ್ಟಣದಲ್ಲಿ ಮಾರುವ ಸರಕಾದರೆ ತಯಾರಕರ ಹೆಸರು ವಿಳಾಸ, ನಿವ್ವಳ ತೂಕ, ಎಲ್ಲ ತೆರಿಗೆ ಸೇರಿದ ಎಂಆರ್‌ಪಿ, ತಯಾರಾದ ತಿಂಗಳು ಮತ್ತು ವರ್ಷ, ದೂರಿಗೆ ಫೋನ್ ಸಂಖ್ಯೆ ಲೇಬಲ್ ಮೇಲಿರಬೇಕು. ಆಹಾರವಾದರೆ 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಮತ್ತು ಸಸ್ಯಾಹಾರದ ಹಸಿರು ಗುರುತು ಕೂಡ. ಹತ್ತು ಸಾವಿರ ಲೇಬಲ್ ಒಟ್ಟಿಗೆ ಮುದ್ರಿಸಿದರೆ ಅಗ್ಗ ನಿಜ, ಆದರೆ ಮೊದಲ ಸಲ ಐನೂರಕ್ಕಿಂತ ಹೆಚ್ಚು ಮುದ್ರಿಸಬೇಡಿ, ಏನಾದರೊಂದು ಬದಲಾಗಿಯೇ ಆಗುತ್ತದೆ.

ಹೆಸರನ್ನು ಬೇರೆಯವರು ಬಳಸದಂತೆ ಟ್ರೇಡ್‌ಮಾರ್ಕ್ ಮಾಡಿಸುವುದಾದರೆ ವ್ಯಕ್ತಿಗಳಿಗೂ ಸಣ್ಣ ಉದ್ಯಮಗಳಿಗೂ ಆನ್‌ಲೈನ್ ಅರ್ಜಿಯ ಸರ್ಕಾರಿ ಶುಲ್ಕ ಸರಕು ಅಥವಾ ಸೇವೆಯ ಒಂದು ವರ್ಗಕ್ಕೆ 4,500 ರೂಪಾಯಿ. ಬೇರೆಯವರು ಅದೇ ಹೆಸರನ್ನು ನೋಂದಾಯಿಸಿದ್ದಾರೆಯೇ ಎಂದು ಹುಡುಕುವುದು ಉಚಿತ. ಬೋರ್ಡ್ ಬರೆಸುವ ಮುನ್ನ ಹುಡುಕಿ.

7. ಬಂಡವಾಳ ಮತ್ತು ಜಾಗ

ಬಂಡವಾಳದಲ್ಲಿ ಎರಡು ಬಗೆ. ಯಂತ್ರ, ಪೀಠೋಪಕರಣ, ಮುಂಗಡಕ್ಕೆ ಹೋಗುವುದು ಸ್ಥಿರ ಬಂಡವಾಳ. ಕಚ್ಚಾವಸ್ತು ಕೊಂಡ ದಿನದಿಂದ ಗ್ರಾಹಕರ ಹಣ ಕೈಸೇರುವ ದಿನದವರೆಗೆ ಉದ್ಯಮ ಉಸಿರಾಡಲು ಬೇಕಾದದ್ದು ದುಡಿಯುವ ಬಂಡವಾಳ. ಹೊಸಬರು ಇರುವುದನ್ನೆಲ್ಲ ಮೊದಲನೆಯದಕ್ಕೆ ಸುರಿದು ಎರಡನೆಯದಕ್ಕೆ ಬಡ್ಡಿಯವರ ಬಳಿ ಹೋಗುತ್ತಾರೆ. ಕೈಯಲ್ಲಿರುವ ಹಣದ ಅರ್ಧವನ್ನಾದರೂ ದುಡಿಯುವ ಬಂಡವಾಳಕ್ಕೆ ಕಟ್ಟಿಡಿ. ಫೋನಿನಲ್ಲಿ ಹತ್ತು ನಿಮಿಷಕ್ಕೆ ಸಾಲ ಕೊಡುವ ಆ್ಯಪ್‌ಗಳ ಹತ್ತಿರ ಸುಳಿಯಲೇಬೇಡಿ.

ಅಡಮಾನವಿಲ್ಲದ ಮುದ್ರಾ ಸಾಲದಲ್ಲಿ ಶಿಶು ವಿಭಾಗಕ್ಕೆ 50,000, ಕಿಶೋರಕ್ಕೆ 5 ಲಕ್ಷ, ತರುಣಕ್ಕೆ 10 ಲಕ್ಷದವರೆಗೆ ಮಿತಿಯಿದೆ. ತರುಣ ಸಾಲವನ್ನು ಸರಿಯಾಗಿ ತೀರಿಸಿದವರಿಗೆ 2024ರಿಂದ 20 ಲಕ್ಷದವರೆಗೆ ತರುಣ್ ಪ್ಲಸ್ ಇದೆ. ಪ್ರಧಾನಮಂತ್ರಿ ಉದ್ಯೋಗ ಸೃಜನ ಯೋಜನೆಯ ನಿಯಮಾವಳಿಯಂತೆ ಉತ್ಪಾದನಾ ಘಟಕಕ್ಕೆ 50 ಲಕ್ಷ, ಸೇವಾ ಘಟಕಕ್ಕೆ 20 ಲಕ್ಷದವರೆಗಿನ ಯೋಜನಾ ವೆಚ್ಚಕ್ಕೆ ಸಾಲ ಮತ್ತು ಸಹಾಯಧನ ಸಿಗುತ್ತದೆ. ನಗರದಲ್ಲಿ ಸಾಮಾನ್ಯ ವರ್ಗದವರಿಗೆ ಸಹಾಯಧನ ಶೇ. 15, ಮಹಿಳೆಯರು, ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರು, ಅಂಗವಿಕಲರು, ಮಾಜಿ ಸೈನಿಕರಿಗೆ ಶೇ. 25. ಗ್ರಾಮೀಣ ಪ್ರದೇಶದಲ್ಲಿ ಇದು ಕ್ರಮವಾಗಿ 25 ಮತ್ತು 35. ಈ ಯೋಜನೆ ಹೊಸ ಘಟಕಗಳಿಗೆ ಮಾತ್ರ. ಉದ್ಯಮವನ್ನು ಮೊದಲು ತೆರೆದು ಆಮೇಲೆ ಅರ್ಜಿ ಹಾಕಿ ಸಹಾಯಧನ ಕಳೆದುಕೊಂಡವರು ಅನೇಕರು. ಹಾಗಾಗಿ ಇದು ಬೇಕಾದರೆ ಆರನೇ ಹಂತದ ನೋಂದಣಿಗಳಿಗೂ ಮೊದಲೇ ಜಿಲ್ಲಾ ಕೈಗಾರಿಕಾ ಕೇಂದ್ರಕ್ಕೆ ಹೋಗಿ, ಆ ವರ್ಷ ಅರ್ಜಿ ತೆರೆದಿದೆಯೇ ವಿಚಾರಿಸಿ. ಸಹಾಯಧನ ಕೈಗೆ ಬರುವುದಿಲ್ಲ, ಮೂರು ವರ್ಷ ಬ್ಯಾಂಕಿನಲ್ಲಿ ಠೇವಣಿಯಾಗಿದ್ದು ಆಮೇಲೆ ಸಾಲಕ್ಕೆ ಹೊಂದಿಕೆಯಾಗುತ್ತದೆ. ಮಂಜೂರು ಮಾಡಿಸಿಕೊಡುತ್ತೇನೆಂದು ಪಾಲು ಕೇಳುವ ಮಧ್ಯವರ್ತಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಜಾಗದ ವಿಷಯದಲ್ಲಿ ಬೆಂಗಳೂರು ನಿಷ್ಕರುಣಿ. ಹತ್ತು ತಿಂಗಳ ಬಾಡಿಗೆಯನ್ನು ಮುಂಗಡವಾಗಿ ಕೇಳುವ ರೂಢಿ ಇನ್ನೂ ಇದೆ. 15,000 ಬಾಡಿಗೆಯ ಜಾಗಕ್ಕೆ 1.5 ಲಕ್ಷ ಮೊದಲೇ ಹೋದರೆ ಆ ಹಣ ದುಡಿಯುವುದಿಲ್ಲ. ಚೌಕಾಸಿ ಮಾಡಿ ಐದಕ್ಕಿಳಿಸಲು ಯತ್ನಿಸಿ. ಕರಾರಿನಲ್ಲಿ ಲಾಕ್‌ಇನ್ ಅವಧಿ ಎಂಬುದನ್ನು ಹುಡುಕಿ. ಆ ಅವಧಿಗೆ ಮೊದಲು ಖಾಲಿ ಮಾಡಿದರೂ ಉಳಿದ ತಿಂಗಳ ಬಾಡಿಗೆ ಕೊಡಬೇಕೆಂದು ಅದರರ್ಥ. ವಸತಿ ವಲಯದ ಕಿರಿದಾದ ರಸ್ತೆಗಳಲ್ಲಿ ವಾಣಿಜ್ಯ ಚಟುವಟಿಕೆಗೆ ನಿರ್ಬಂಧಗಳಿರುವುದರಿಂದ, ಉದ್ದಿಮೆ ಪರವಾನಗಿ ಸಿಗುವ ಜಾಗವೇ ಎಂದು ಪಾಲಿಕೆಯಲ್ಲಿ ಕೇಳಿದ ಮೇಲಷ್ಟೇ ಮುಂಗಡ ಕೊಡಿ. ವಾಣಿಜ್ಯ ವಿದ್ಯುತ್ ಸಂಪರ್ಕವಿದೆಯೇ, ಯಂತ್ರಕ್ಕೆ ಸಾಕಾಗುವಷ್ಟು ಲೋಡ್ ಮಂಜೂರಾಗಿದೆಯೇ ಎಂಬುದನ್ನು ಬೆಸ್ಕಾಂ ಬಿಲ್ಲಿನಲ್ಲೇ ನೋಡಬಹುದು.

8. ಈಗ ರಾಜೀನಾಮೆ

ಉದ್ಯಮದಿಂದ ಸತತ ಮೂರು ತಿಂಗಳು ಮನೆಖರ್ಚಿನ ಅರ್ಧದಷ್ಟು ಉಳಿಕೆ ಬಂದಿದ್ದರೆ ಮತ್ತು ಒಂದನೇ ಹಂತದ ಖಾತೆ ಮುಟ್ಟದೆ ಇದ್ದರೆ, ನೀವು ಸಿದ್ಧ. ಪತ್ರ ಕೊಡುವ ಮುನ್ನ ಮೂರು ಕೆಲಸ ಮುಗಿಸಿ. ಕುಟುಂಬಕ್ಕೆ ಸ್ವಂತ ಆರೋಗ್ಯ ವಿಮೆ ಕೊಳ್ಳಿ; ಕಂಪನಿಯ ಗುಂಪು ವಿಮೆ ನಿಮ್ಮ ಕೊನೆಯ ದಿನಕ್ಕೆ ಮುಗಿಯುತ್ತದೆ, ಮೊದಲೇ ಇರುವ ಕಾಯಿಲೆಗಳಿಗೆ ಹೊಸ ಪಾಲಿಸಿಯಲ್ಲಿ ಮೂರು ವರ್ಷದವರೆಗೂ ಕಾಯುವ ಅವಧಿಯಿರಬಹುದು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಗೆ ಜಿಎಸ್‌ಟಿ ಇಲ್ಲದಿರುವುದು ಸಣ್ಣ ಅನುಕೂಲ. ಸೇವೆ ಐದು ವರ್ಷಕ್ಕೆ ಹತ್ತಿರವಿದ್ದರೆ ಗ್ರಾಚ್ಯುಟಿಗಾಗಿ ಕೆಲವು ತಿಂಗಳು ಕಾಯಿರಿ. ಭವಿಷ್ಯನಿಧಿಯನ್ನು ಬಂಡವಾಳವೆಂದು ಎಣಿಸಬೇಡಿ: ಐದು ವರ್ಷದ ಸೇವೆಗೆ ಮೊದಲು ತೆಗೆದರೆ ತೆರಿಗೆ ಬೀಳುತ್ತದೆ, ಹತ್ತು ವರ್ಷ ಪೂರೈಸಿದವರಿಗಷ್ಟೇ 58ರ ವಯಸ್ಸಿನ ನಂತರ ಮಾಸಿಕ ಪಿಂಚಣಿಯ ಅರ್ಹತೆ.

ನೋಟಿಸ್ ಅವಧಿಯನ್ನು ಪೂರ್ತಿ ದುಡಿಯಿರಿ, ಬಿಡುಗಡೆ ಪತ್ರ ಕೈಗೆ ಬಂದ ಮೇಲೆ ಹೊರಬನ್ನಿ. ನನ್ನ ಮೊದಲ ದೊಡ್ಡ ಆರ್ಡರ್ ಬಂದದ್ದು ಹಳೆಯ ಸಹೋದ್ಯೋಗಿಯೊಬ್ಬರ ಮೂಲಕ.

9. ಮೊದಲ ಹನ್ನೆರಡು ತಿಂಗಳು

ಹಣಕಾಸಿನ ಪುಸ್ತಕವನ್ನು ದಿನವೂ ಬರೆಯಿರಿ. ಲಾಭ ಬೇರೆ, ನಗದು ಹರಿವು ಬೇರೆ. ಬಿಲ್ಲಿನಲ್ಲಿ ಲಾಭವಿದ್ದೂ ಕೈಯಲ್ಲಿ ಕೂಲಿಗೆ ಹಣವಿಲ್ಲದ ಸ್ಥಿತಿ ಬರುವುದು ಉದ್ದರಿಯಿಂದ. ನನ್ನ ಎರಡನೇ ವರ್ಷದಲ್ಲಿ ಒಂದು ಸರಣಿ ಅಂಗಡಿಯವರು ಐದು ತಿಂಗಳು ಹಣ ಕೊಡದೆ ಉಳಿಸಿಕೊಂಡಾಗ ನಾನು ಒಡವೆ ಅಡವಿಟ್ಟು ಸಂಬಳ ಕೊಟ್ಟೆ. ಕಾನೂನು ನನ್ನ ಪರವಾಗಿದೆಯೆಂಬುದು ಆಗ ಗೊತ್ತಿರಲಿಲ್ಲ. ಸಣ್ಣ ಉದ್ಯಮಗಳ ಅಭಿವೃದ್ಧಿಗಾಗಿರುವ 2006ರ ಎಂಎಸ್‌ಎಂಇಡಿ ಕಾಯಿದೆಯಂತೆ ಉದ್ಯಮ್ ನೋಂದಣಿಯಿರುವ ಅತಿಸಣ್ಣ ಮತ್ತು ಸಣ್ಣ ಉತ್ಪಾದಕರಿಗೆ, ಸೇವಾದಾರರಿಗೆ ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನಗಳಲ್ಲಿ, ಇಲ್ಲದಿದ್ದರೆ 15 ದಿನಗಳಲ್ಲಿ ಹಣ ಕೊಡಬೇಕು. ತಡವಾದರೆ ರಿಸರ್ವ್ ಬ್ಯಾಂಕ್ ಪ್ರಕಟಿಸುವ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ದೂರು ಕೊಡಲು ಕೇಂದ್ರ ಸರ್ಕಾರದ ಆನ್‌ಲೈನ್ ಪೋರ್ಟಲ್ ಇದೆ. ಪ್ರತಿ ಬಿಲ್ಲಿನ ಮೇಲೂ ಉದ್ಯಮ್ ಸಂಖ್ಯೆಯನ್ನೂ ಪಾವತಿಯ ಕೊನೆಯ ದಿನಾಂಕವನ್ನೂ ಮುದ್ರಿಸಿ. ದೂರಿನ ಅಗತ್ಯವೇ ಬರದಂತೆ ಅದು ಎಷ್ಟೋ ಬಾರಿ ಕೆಲಸ ಮಾಡುತ್ತದೆ. ಯಾವ ಒಬ್ಬ ಗ್ರಾಹಕನೂ ನಿಮ್ಮ ಮಾರಾಟದ ಮೂರನೇ ಒಂದಕ್ಕಿಂತ ಹೆಚ್ಚಾಗದಂತೆ ನೋಡಿಕೊಳ್ಳಿ.

ಆದಾಯ ತೆರಿಗೆಯಲ್ಲಿ 2 ಕೋಟಿಯೊಳಗಿನ ವಹಿವಾಟಿನ ಏಕಮಾಲೀಕರಿಗೆ ಅಂದಾಜು ಆದಾಯ ಪದ್ಧತಿಯಿದೆ: ಬ್ಯಾಂಕಿನ ಮೂಲಕ ಬಂದ ಮಾರಾಟದ ಶೇ. 6, ನಗದಿನ ಶೇ. 8ರಷ್ಟನ್ನು ಆದಾಯವೆಂದು ಘೋಷಿಸಿ ತೆರಿಗೆ ಕಟ್ಟಬಹುದು. ವರ್ಷದ ತೆರಿಗೆ 10,000 ರೂಪಾಯಿ ದಾಟುವುದಾದರೆ ಈ ಪದ್ಧತಿಯವರು ಮುಂಗಡ ತೆರಿಗೆಯನ್ನು ಮಾರ್ಚ್ 15ರೊಳಗೆ ಕಟ್ಟಬೇಕು. ಸಂಬಳದವರಾಗಿದ್ದಾಗ ಕಂಪನಿ ಮಾಡುತ್ತಿದ್ದ ಈ ಕೆಲಸವನ್ನು ಮೊದಲ ವರ್ಷ ಬಹುತೇಕ ಎಲ್ಲರೂ ಮರೆಯುತ್ತಾರೆ.

ಕೊನೆಯದಾಗಿ, ನಿಲ್ಲಿಸುವ ಗೆರೆಯನ್ನು ಆರಂಭದಲ್ಲೇ ಎಳೆಯಿರಿ. ಮನೆಖರ್ಚಿನ ಖಾತೆಯಲ್ಲಿ ನಾಲ್ಕು ತಿಂಗಳ ಹಣ ಮಾತ್ರ ಉಳಿದಿರುವಾಗ ಮಾರಾಟ ಬ್ರೇಕ್‌ಈವನ್‌ನ ಅರ್ಧವನ್ನೂ ಮುಟ್ಟಿರದಿದ್ದರೆ, ಹೊಸ ಸಾಲ ಮಾಡದೆ ಕೆಲಸ ಹುಡುಕಲು ಆರಂಭಿಸಿ. ಆ ನಾಲ್ಕು ತಿಂಗಳು ಇರುವುದೇ ಅದಕ್ಕೆ. ಮುಚ್ಚುವಾಗ ಬಾಗಿಲಿಗೆ ಬೀಗ ಹಾಕಿದರೆ ಸಾಲದು. ಕೆಲಸಗಾರರ ಬಾಕಿಯನ್ನು ಮೊದಲು ತೀರಿಸಿ, ಆಮೇಲೆ ಸರಬರಾಜುದಾರರದ್ದು. ಜಿಎಸ್‌ಟಿ ನೋಂದಣಿ ರದ್ದತಿಗೆ ಅರ್ಜಿ ಹಾಕಿ, ರದ್ದಾದ ಮೂರು ತಿಂಗಳೊಳಗೆ ಅಂತಿಮ ರಿಟರ್ನ್ ಸಲ್ಲಿಸಿ. ಇಲ್ಲದಿದ್ದರೆ ಇಲ್ಲದ ಉದ್ಯಮದ ಹೆಸರಿನಲ್ಲಿ ದಂಡ ಏರುತ್ತಲೇ ಹೋಗುತ್ತದೆ. ಉದ್ದಿಮೆ ಪರವಾನಗಿ, ಕಾರ್ಮಿಕ ಇಲಾಖೆಯ ನೋಂದಣಿಗಳನ್ನೂ ಹಿಂದಿರುಗಿಸಿ, ಸ್ವೀಕೃತಿ ಪತ್ರಗಳನ್ನು ಲೆಕ್ಕದ ಪುಸ್ತಕಗಳೊಂದಿಗೆ ಜೋಪಾನವಾಗಿಡಿ. ಮುಂದೊಮ್ಮೆ ನೀವು ಮತ್ತೊಂದು ಸಾಲಕ್ಕೆ ಹೋದಾಗ ಬ್ಯಾಂಕಿನವರು ಆ ಪತ್ರಗಳನ್ನು ಕೇಳುತ್ತಾರೆ.